ಹಳೆ ಬೈಕ್ ಬದಲಿಸುವ ಮುನ್ನ ಟೆಸ್ಟ್ ರೈಡ್ ಮಾಡುವುದು ಹೇಗೆ? ಮಂಗಳೂರು-ಉಡುಪಿ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಹೊಸ ಬೈಕ್ ಮನೆಗೆ ಬಂದ ಎರಡು-ಮೂರು ತಿಂಗಳಲ್ಲಿ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಗೇಟಿನ ಏರಿನಲ್ಲಿ ಇಬ್ಬರನ್ನು ಕೂರಿಸಿಕೊಂಡರೆ ಗಾಡಿ ಎಳೆಯುವುದಿಲ್ಲ. ಮನೆಯವರು ಹಿಂದೆ ಕೂರಲು ಒಪ್ಪುವುದಿಲ್ಲ. ನಂತೂರು ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ನಿಂತರೆ ತೊಡೆ ಸುಡುತ್ತದೆ. ಮಳೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಇವೆಲ್ಲ 40 ನಿಮಿಷದ ಸರಿಯಾದ ಟೆಸ್ಟ್ ರೈಡ್‌ನಲ್ಲಿ ತಿಳಿಯುವ ಸಂಗತಿಗಳು. ತಿಳಿಯದೇ ಹೋಗುವುದಕ್ಕೆ ಕಾರಣ, ಶೋರೂಮಿನವರು ತೋರಿಸಿದ ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ವಾಪಸ್ ಬರುವುದು.

ಟೆಸ್ಟ್ ರೈಡ್‌ನಲ್ಲಿ ಬೈಕಿಗಿಂತ ದಾರಿ ಮುಖ್ಯ. ನೀವು ದಿನಾ ಓಡಾಡುವಂಥ ಏರು, ಟ್ರಾಫಿಕ್, ಹಾಳು ರಸ್ತೆ, ಹೆದ್ದಾರಿ, ಈ ನಾಲ್ಕೂ ಇರುವ ದಾರಿಯಲ್ಲಿ, ನೀವು ದಿನಾ ಹೊರುವಷ್ಟೇ ಭಾರ ಹೊತ್ತು, ಹಳೆಯ ಬೈಕನ್ನೂ ಹೊಸದನ್ನೂ ಒಂದೇ ಕ್ರಮದಲ್ಲಿ ಓಡಿಸಬೇಕು. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಕೊಟ್ಟಿದೆ. ಕ್ರಮ ತಪ್ಪಿಸಬೇಡಿ. ಅದರಲ್ಲೂ ಮೊದಲ ಹಂತವನ್ನು ಹಾರಿಸಿದರೆ ಉಳಿದದ್ದು ಹೆಚ್ಚು ಪ್ರಯೋಜನಕ್ಕೆ ಬಾರದು.

## ಹಂತ 1: ಮೊದಲು ಹಳೆಯ ಬೈಕನ್ನು ಸರಿ ಮಾಡಿ

ಸವೆದ ಟೈರು, ಸಡಿಲಗೊಂಡ ಚೈನು, ಸತ್ತುಹೋದ ಹಿಂದಿನ ಶಾಕ್ ಅಬ್ಸಾರ್ಬರ್ ಇರುವ ಬೈಕಿನಿಂದ ಇಳಿದು ಹೊಸ ಬೈಕ್ ಹತ್ತಿದರೆ ಯಾವ ಹೊಸ ಬೈಕೂ ಅದ್ಭುತ ಅನ್ನಿಸುತ್ತದೆ. ಅಲ್ಲಿ ನೀವು ಮೆಚ್ಚುತ್ತಿರುವುದು ಹೊಸ ಟೈರನ್ನು, ಬೈಕನ್ನಲ್ಲ.

ಆದ್ದರಿಂದ ಶೋರೂಮಿಗೆ ಹೋಗುವ ಒಂದು ವಾರ ಮೊದಲು ಇಷ್ಟು ಮಾಡಿಸಿ:

1. ಎರಡೂ ಟೈರುಗಳ ಗಾಳಿಯನ್ನು ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಅಥವಾ ಚೈನ್ ಕವರಿನ ಸ್ಟಿಕ್ಕರಿನಲ್ಲಿರುವ ಅಳತೆಗೆ ತನ್ನಿ. ಟೈರು ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಗಾಡಿ ತೆಗೆದ ಕೂಡಲೇ ನೋಡಬೇಕು.
2. ಚೈನ್ ತೊಳೆದು, ಎಣ್ಣೆ ಹಾಕಿ, ಸಡಿಲವನ್ನು ಸರಿಪಡಿಸಿ. ಸಾಮಾನ್ಯ ಕಮ್ಯೂಟರ್ ಬೈಕುಗಳಿಗೆ 20ರಿಂದ 30 ಮಿ.ಮೀ. ಸಡಿಲ ಇರಬೇಕು. ನಿಮ್ಮ ಮಾದರಿಯ ನಿಖರ ಅಳತೆ ಮ್ಯಾನ್ಯುಯಲ್‌ನಲ್ಲಿರುತ್ತದೆ.
3. ಮೆಕ್ಯಾನಿಕ್ ಹತ್ತಿರ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ನೋಡಿಸಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿದಾಗ ನಡುವೆ ಒಂದು ಕಡೆ ಸಿಕ್ಕಿಕೊಂಡಂತಾದರೆ ಅದು ಹೋಗಿದೆ ಎಂದರ್ಥ.
4. ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಏರ್ ಫಿಲ್ಟರ್ ಪರಿಶೀಲಿಸಿ.

ಇದಾದ ಮೇಲೆ ನಾಲ್ಕು ದಿನ ಎಂದಿನಂತೆ ಓಡಿಸಿ, ಹಳೆಯ ಬೈಕಿನಲ್ಲಿ ಇನ್ನೂ ಏನು ಕೊರತೆ ಇದೆ ಎಂಬುದನ್ನು ಬರೆದಿಡಿ. ಮೂರು ಸಾಲು ಸಾಕು. ‘ಪವರ್ ಕಡಿಮೆ’ ಎಂದು ಬರೆದರೆ ಸಾಲದು. ‘ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತುವಾಗ ಹಿಂದೆ ಜನ ಇದ್ದರೆ ಮೂರನೇ ಗೇರ್ ಎಳೆಯುವುದಿಲ್ಲ’ ಎಂದು ಬರೆಯಬೇಕು. ಟೆಸ್ಟ್ ರೈಡ್ ಉತ್ತರಿಸಬೇಕಾದ ಪ್ರಶ್ನೆಗಳು ಇವೇ.

ಎಷ್ಟೋ ಸಲ ಈ ಹಂತದಲ್ಲೇ ಪಟ್ಟಿ ಖಾಲಿಯಾಗುತ್ತದೆ. ಎರಡು ಟೈರು, ಚೈನ್ ಸ್ಪ್ರಾಕೆಟ್, ಕೋನ್ ಸೆಟ್, ಹಿಂದಿನ ಶಾಕ್ ಇಷ್ಟನ್ನೂ ಬದಲಿಸಿದರೂ ಹೊಸ ಬೈಕಿನ ಆನ್‌ರೋಡ್ ಬೆಲೆಯ ಸಣ್ಣ ಪಾಲು ಮಾತ್ರ ಖರ್ಚು. ಹಾಗಾದರೆ ಬದಲಾವಣೆಯನ್ನು ಮುಂದೂಡಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

## ಹಂತ 2: ಮೂರು ಮಾದರಿ ಆರಿಸಿ, ಶೋರೂಮಿಗೆ ಮೊದಲೇ ಫೋನ್ ಮಾಡಿ

ಮೂರಕ್ಕಿಂತ ಹೆಚ್ಚು ಬೈಕ್ ಓಡಿಸಿದರೆ ಮೊದಲನೆಯದರ ನೆನಪು ಕಲಸಿಹೋಗುತ್ತದೆ. ಒಂದು ದಿನಕ್ಕೆ ಎರಡೇ ಸಾಕು.

ಆರಿಸುವಾಗ ಕಾಗದದ ಮೇಲಿನ ಎರಡು ಅಂಕಿಗಳನ್ನು ಮೊದಲು ನೋಡಿ: ಸೀಟಿನ ಎತ್ತರ ಮತ್ತು ತೂಕ. ಉದಾಹರಣೆಗೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸೀಟು 805 ಮಿ.ಮೀ., ತೂಕ 195 ಕೆ.ಜಿ. ಅದೇ ಕಂಪನಿಯ ಮೀಟಿಯೊರ್ 350ರ ಸೀಟು 765 ಮಿ.ಮೀ., ತೂಕ 191 ಕೆ.ಜಿ. ಹಂಟರ್ 350 ಆದರೆ 790 ಮಿ.ಮೀ., 181 ಕೆ.ಜಿ. ಹೀರೊ ಎಕ್ಸ್‌ಪಲ್ಸ್ 200 4ವಿ ಸೀಟು 825 ಮಿ.ಮೀ. ಇದೆ. ಆದರೆ ಬೈಕ್ ತೆಳು, ಕ್ಲಾಸಿಕ್‌ಗಿಂತ ಎಷ್ಟೋ ಹಗುರ. 112 ಕೆ.ಜಿ. ಆಸುಪಾಸಿನ ಸ್ಪ್ಲೆಂಡರ್ ಓಡಿಸಿ ರೂಢಿಯಾದವರು 190 ಕೆ.ಜಿ. ದಾಟಿದ ಗಾಡಿಗೆ ಹೋಗುವಾಗ ರಸ್ತೆಗಿಂತ ಪಾರ್ಕಿಂಗಿನಲ್ಲೇ ಹೆಚ್ಚು ಕಷ್ಟಪಡುತ್ತಾರೆ.

ಫೋನಿನಲ್ಲಿ ಕೇಳಬೇಕಾದ್ದು:

- ಡೆಮೊ ಬೈಕ್ ನೀವು ಕೊಳ್ಳಬೇಕೆಂದಿರುವ ವೇರಿಯಂಟೇ ಹೌದೇ? ಒಂದೇ ಹೆಸರಿನ ಎರಡು ವೇರಿಯಂಟುಗಳಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಟೈರು, ಸೀಟು, ಹ್ಯಾಂಡಲ್ ಬೇರೆ ಬೇರೆ ಇರುತ್ತವೆ.
- ಎಷ್ಟು ಕಿ.ಮೀ. ಓಡಿದೆ? 1,000 ಕಿ.ಮೀ. ದಾಟಿದ್ದರೆ ಎಂಜಿನ್ ಸ್ವಲ್ಪ ಪಳಗಿರುತ್ತದೆ, ನಿಜವಾದ ಗುಣ ಗೊತ್ತಾಗುತ್ತದೆ. 500ಕ್ಕಿಂತ ಕಡಿಮೆ ಇದ್ದರೆ ಬಿಗಿತವೂ ಇರುತ್ತದೆ, ಜೋರಾಗಿ ಓಡಿಸಲೂ ಬಾರದು.
- ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗಲು ಬಿಡುತ್ತೀರಾ?
- ಗಾಡಿಗೆ ಇನ್ಶೂರೆನ್ಸ್ ಇದೆಯೇ? ಬಿದ್ದು ಹಾನಿಯಾದರೆ ಖರ್ಚು ಯಾರದು? ಸಹಿ ಮಾಡುವ ಫಾರಂನಲ್ಲಿ ಇದು ಬರೆದಿರುತ್ತದೆ. ಓದದೆ ಸಹಿ ಹಾಕಬೇಡಿ.
- ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡದೆ ಇಡಬಹುದೇ? ತಣ್ಣಗಿನ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆಂದು ನೋಡಬೇಕು.

ಸಮಯದ ಮಟ್ಟಿಗೆ, ವಾರದ ನಡುವಿನ ದಿನ ಬೆಳಿಗ್ಗೆ 10ರಿಂದ 11.30 ಒಳ್ಳೆಯದು. ಶೋರೂಮಿನಲ್ಲಿ ರಶ್ ಇರುವುದಿಲ್ಲ, ವಾಪಸ್ ಬರುವ ಹೊತ್ತಿಗೆ ಬಿಸಿಲೇರಿ ಎಂಜಿನ್ ಶಾಖವೂ ಪರೀಕ್ಷೆಯಾಗುತ್ತದೆ. ಮಾರ್ಚಿಯಿಂದ ಮೇವರೆಗಿನ ಸೆಕೆಯಲ್ಲಿ ಓಡಿಸಿ ಒಪ್ಪಿಗೆಯಾದ ಬೈಕ್ ವರ್ಷವಿಡೀ ಒಪ್ಪಿಗೆಯಾಗುತ್ತದೆ. ಡಿಸೆಂಬರ್ ಬೆಳಗಿನ ತಂಪಿನಲ್ಲಿ ಓಡಿಸಿದ ಅನುಭವವನ್ನು ಪೂರ್ತಿ ನಂಬಬೇಡಿ.

## ಹಂತ 3: ಜೊತೆಗೆ ಒಯ್ಯಬೇಕಾದ ವಸ್ತುಗಳು

ಗೇರ್ ಇರುವ ಮೋಟಾರ್‌ಸೈಕಲ್ ಓಡಿಸಲು ಅನುಮತಿ ಇರುವ ಡ್ರೈವಿಂಗ್ ಲೈಸೆನ್ಸ್ (ಗೇರ್‌ಲೆಸ್ ಸ್ಕೂಟರಿನ ಲೈಸೆನ್ಸ್ ನಡೆಯುವುದಿಲ್ಲ), ನಿಮ್ಮದೇ ಐಎಸ್‌ಐ ಗುರುತಿನ ಹೆಲ್ಮೆಟ್, ಹಿಂದೆ ಕೂರುವವರಿಗೆ ಇನ್ನೊಂದು ಹೆಲ್ಮೆಟ್, ಶೂ, ಗ್ಲೌಸ್, ಅಳತೆಯ ಟೇಪು, ಟೈರ್ ಗಾಳಿ ನೋಡುವ ಗೇಜ್, ಸಣ್ಣ ಟಾರ್ಚು, ಪೆನ್ನು-ಪುಸ್ತಕ. ದಿನಾ ಬೆನ್ನಿಗೆ ಹಾಕುವ ಲ್ಯಾಪ್‌ಟಾಪ್ ಬ್ಯಾಗನ್ನೂ ಒಯ್ಯಿರಿ.

ಚಪ್ಪಲಿಯಲ್ಲಿ ಹೋಗಬೇಡಿ. ಸುರಕ್ಷತೆಯ ಮಾತು ಒಂದು ಕಡೆ. ಚಪ್ಪಲಿಯಲ್ಲಿ ಗೇರ್ ಲಿವರಿನ ಬಿಗಿತವೂ ಫುಟ್‌ಪೆಗ್‌ನ ನಡುಕವೂ ಸರಿಯಾಗಿ ತಿಳಿಯುವುದಿಲ್ಲ. ಶೂ ಅಟ್ಟೆಯ ದಪ್ಪಕ್ಕೆ ತಕ್ಕಂತೆ ನೆಲ ಎಟಕುವುದೂ ಬದಲಾಗುತ್ತದೆ. ದಿನಾ ಹಾಕುವ ಶೂವನ್ನೇ ಹಾಕಿ.

## ಹಂತ 4: ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ 10 ನಿಮಿಷ

ಇಲ್ಲಿ ಅವಸರ ಬೇಡ. ಸೇಲ್ಸ್‌ನವರು ಕೀ ಕೊಟ್ಟ ಕೂಡಲೇ ಹತ್ತಿ ಹೊರಡುವುದು ಹೆಚ್ಚಿನವರ ಮೊದಲ ತಪ್ಪು.

ಗಾಳಿ ನೋಡಿ. ಶೋರೂಮಿನಲ್ಲಿ ನಿಂತ ಡೆಮೊ ಗಾಡಿಗಳಲ್ಲಿ ಗಾಳಿ ಕಡಿಮೆ ಇರುವುದು ಬಹಳ ಸಾಮಾನ್ಯ. 5-6 ಪಿಎಸ್‌ಐ ಕಡಿಮೆ ಇದ್ದರೂ ಹ್ಯಾಂಡಲ್ ಭಾರವಾಗುತ್ತದೆ, ತಿರುವಿನಲ್ಲಿ ಗಾಡಿ ಸೋಮಾರಿಯಾಗುತ್ತದೆ. ನೀವು ಅದನ್ನು ಬೈಕಿನ ಗುಣ ಎಂದುಕೊಳ್ಳುತ್ತೀರಿ. ಜಾಸ್ತಿ ಇದ್ದರೆ ಸಸ್ಪೆನ್ಷನ್ ಗಡುಸು ಎಂದುಕೊಳ್ಳುತ್ತೀರಿ. ಸ್ಟಿಕ್ಕರಿನ ಅಳತೆಗೆ ತರಿಸಿ, ಆಮೇಲೆ ಹೊರಡಿ.

ಎಂಜಿನ್ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಬಿಸಿ ಹೊಡೆದರೆ ಯಾರೋ ಈಗಷ್ಟೇ ಓಡಿಸಿದ್ದಾರೆ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಕೊಡದೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಕೇಳಿಸಿಕೊಳ್ಳಿ.

ಕೂತು ನೋಡಿ. ಎರಡೂ ಪಾದಗಳ ಮುಂಭಾಗವಾದರೂ ನೆಲಕ್ಕೆ ಊರಬೇಕು, ಒಂದು ಪಾದ ಪೂರ್ತಿ ಊರಬೇಕು. ಸೀಟಿನ ಎತ್ತರದ ಅಂಕಿ ಇಲ್ಲಿ ಅರ್ಧ ಸತ್ಯ. ಮುಂದೆ ಅಗಲವಾದ ಸೀಟು ತೊಡೆಯನ್ನು ಹೊರಕ್ಕೆ ತಳ್ಳುವುದರಿಂದ 790 ಮಿ.ಮೀ. ಕೂಡ ಎತ್ತರ ಅನ್ನಿಸಬಹುದು. ಸಸ್ಪೆನ್ಷನ್ ಮೆತ್ತಗಿರುವ, ತೆಳು ಸೀಟಿನ ಬೈಕು ನೀವು ಕೂತಾಗ ಕುಗ್ಗುವುದರಿಂದ 825 ಮಿ.ಮೀ. ಕೂಡ ಎಟಕಬಹುದು.

ತಳ್ಳಿ ನೋಡಿ. ಕರಾವಳಿಯವರಿಗೆ ಇದು ಬಹಳ ಮುಖ್ಯ. ನಮ್ಮ ಎಷ್ಟೋ ಮನೆಗಳು ಗುಡ್ಡ ತಗ್ಗಿಸಿ ಕಟ್ಟಿದವು. ಗೇಟಿನಿಂದ ಅಂಗಳಕ್ಕೆ ಇಳಿಜಾರು, ಅಂಗಳದಲ್ಲಿ ಮಳೆಗಾಲದ ಪಾಚಿ. ಬೈಕ್ ಮೇಲೆ ಕೂತು, ಎಂಜಿನ್ ಆಫ್ ಮಾಡಿ, ಶೋರೂಮಿನ ರ‍್ಯಾಂಪಿನಲ್ಲಿ ಹಿಂದಕ್ಕೆ ತಳ್ಳಿ ಏರಿಸಲು ಪ್ರಯತ್ನಿಸಿ. ಇಳಿದು ನಿಂತು ಹ್ಯಾಂಡಲ್ ಹಿಡಿದು ಒಂದು ಸುತ್ತು ತಿರುಗಿಸಿ. ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಮೊದಲ ಗೇರಿಗೆ ಹಾಕಿದರೆ ಗಾಡಿ ಭದ್ರವಾಗಿ ನಿಲ್ಲುತ್ತದೆಯೇ, ತೀರಾ ನೆಟ್ಟಗೆ ನಿಂತು ಆಚೆ ಬೀಳುವಂತಿದೆಯೇ ನೋಡಿ. ಸೆಂಟರ್ ಸ್ಟ್ಯಾಂಡ್ ಇದ್ದರೆ ನೀವೇ ಹಾಕಿ ತೆಗೆಯಿರಿ.

ತುಕ್ಕು ನೋಡಿ. ಡೆಮೊ ಗಾಡಿ ಒಂದು ಮಳೆಗಾಲ ಇಲ್ಲೇ ಕಳೆದಿದ್ದರೆ ಅದೊಂದು ಭಾಗ್ಯ ಎಂದೇ ತಿಳಿಯಿರಿ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಸೇರಿ ನಿಮ್ಮ ಗಾಡಿಯನ್ನು ಮುಂದೆ ಏನು ಮಾಡಲಿದೆ ಎಂಬುದು ಅದರ ಮೈಮೇಲೆ ಬರೆದಿರುತ್ತದೆ. ಟಾರ್ಚು ಹಾಕಿ ಸೈಲೆನ್ಸರ್ ಬಾಗುವ ಜಾಗ, ಬೆಸುಗೆಯ ಸಾಲು, ಸ್ಪೋಕ್ ಮತ್ತು ಅದರ ನಿಪ್ಪಲ್, ಹಿಂದಿನ ಸ್ಪ್ರಾಕೆಟ್ಟಿನ ನಟ್, ಫುಟ್‌ರೆಸ್ಟ್ ಸ್ಪ್ರಿಂಗ್, ಹ್ಯಾಂಡಲಿನ ತುದಿಯ ಸ್ಕ್ರೂ, ಮಡ್‌ಗಾರ್ಡ್ ಒಳಭಾಗ ನೋಡಿ. ನಟ್‌ಬೋಲ್ಟುಗಳಲ್ಲಿ ಮಾತ್ರ ತಿಳಿ ಕಂದು ಇದ್ದರೆ ಸಹಜ. ಫ್ರೇಮಿನ ಬೆಸುಗೆಯಲ್ಲಿ ಪೇಂಟ್ ಉಬ್ಬಿ ಏಳುತ್ತಿದ್ದರೆ ಎಚ್ಚರ. ಮಲ್ಪೆ, ಉಳ್ಳಾಲ, ಪಣಂಬೂರು, ಸುರತ್ಕಲ್ ಕಡಲ ಬದಿಯ ಮನೆಯವರು ಈ ಒಂದು ಪರೀಕ್ಷೆಗೇ ಹೆಚ್ಚು ಅಂಕ ಕೊಡಬೇಕು. ಕ್ರೋಮ್ ಹೆಚ್ಚಿದ್ದಷ್ಟೂ ಒರೆಸುವ ಕೆಲಸ ಹೆಚ್ಚು.

ಕೊನೆಯದಾಗಿ ಮಿರರ್, ಬ್ರೇಕ್ ಲಿವರ್, ಕ್ಲಚ್ ಲಿವರ್ ನಿಮಗೆ ಹೊಂದುವಂತೆ ಮಾಡಿಕೊಳ್ಳಿ. ಟ್ರಿಪ್ ಮೀಟರನ್ನು ಸೊನ್ನೆ ಮಾಡಿ.

## ಹಂತ 5: ದಾರಿಯನ್ನು ನೀವು ನಿರ್ಧರಿಸಿ

ಶೋರೂಮಿನವರು ಸಾಮಾನ್ಯವಾಗಿ 2-3 ಕಿ.ಮೀ. ಸುತ್ತಿಗೆ ಕಳಿಸುತ್ತಾರೆ. ವಿನಯದಿಂದ, ಆದರೆ ಬಿಡದೆ, 12-15 ಕಿ.ಮೀ. ಕೇಳಿ. ಅವರ ಸಿಬ್ಬಂದಿ ಇನ್ನೊಂದು ಗಾಡಿಯಲ್ಲಿ ಜೊತೆಗೆ ಬರಲಿ ಎಂದರೆ ಬಹುತೇಕ ಒಪ್ಪುತ್ತಾರೆ. ಒಪ್ಪದಿದ್ದರೆ ಎರಡು ದಿನ ಎರಡು ಸಣ್ಣ ಸುತ್ತು ಕೇಳಿ: ಒಂದು ಒಬ್ಬರೇ, ಒಂದು ಹಿಂದೆ ಜನ ಕೂರಿಸಿಕೊಂಡು.

ಮಂಗಳೂರಿನಲ್ಲಾದರೆ: ಹಂಪನಕಟ್ಟೆಯಿಂದ ಬಾವುಟಗುಡ್ಡೆ ಏರು, ಜ್ಯೋತಿ, ಮಲ್ಲಿಕಟ್ಟೆ, ನಂತೂರು, ಅಲ್ಲಿಂದ ಹೆದ್ದಾರಿ 66ರಲ್ಲಿ ಕೆಪಿಟಿ, ಕೊಟ್ಟಾರ ಚೌಕಿ, ಕೂಳೂರು ಸೇತುವೆ. ಏರು, ಕಾಂಕ್ರೀಟ್ ರಸ್ತೆ, ಜಂಕ್ಷನ್ ಟ್ರಾಫಿಕ್, ಹೆದ್ದಾರಿ, ಸೇತುವೆಯ ಗಾಳಿ ಎಲ್ಲವೂ ಸಿಗುತ್ತದೆ.

ಉಡುಪಿಯಲ್ಲಾದರೆ: ಕಲ್ಸಂಕದಿಂದ ಕುಂಜಿಬೆಟ್ಟು, ಇಂದ್ರಾಳಿ, ಮಣಿಪಾಲ ಟೈಗರ್ ಸರ್ಕಲ್ ತನಕ ಏರು. ಇಳಿದು ಬಂದು ಕರಾವಳಿ ಜಂಕ್ಷನ್‌ನಿಂದ ಹೆದ್ದಾರಿಯಲ್ಲಿ ಸಂತೆಕಟ್ಟೆ ದಾಟಿ ಕಲ್ಯಾಣಪುರ ಸೇತುವೆ.

ಏಕಮುಖ ಸಂಚಾರವನ್ನೂ ಕಾಮಗಾರಿಯ ಡೈವರ್ಶನ್ನನ್ನೂ ನೋಡಿಕೊಂಡು ಬದಲಿಸಿಕೊಳ್ಳಿ. ನಿಮ್ಮ ಮನೆ ಶಕ್ತಿನಗರದಲ್ಲೋ ಕಾರ್ಕಳದಲ್ಲೋ ಇದ್ದರೆ ಅಲ್ಲಿಯ ದಾರಿಯೇ ಇನ್ನೂ ಒಳ್ಳೆಯದು. ಎಲ್ಲ ಬೈಕುಗಳಿಗೂ ಒಂದೇ ದಾರಿ ಇರಬೇಕು ಎಂಬುದು ಮಾತ್ರ ಕಡ್ಡಾಯ.

## ಹಂತ 6: ಸವಾರಿ

### ಮೊದಲ ಎರಡು ಕಿ.ಮೀ.

ಏನನ್ನೂ ಪರೀಕ್ಷಿಸಬೇಡಿ. ಬ್ರೇಕ್ ಎಷ್ಟು ಕಚ್ಚುತ್ತದೆ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ಕೈಗೆ ಒಗ್ಗಲಿ. ಟೆಸ್ಟ್ ರೈಡ್‌ನಲ್ಲಿ ಬೀಳುವವರು ಹೆಚ್ಚಾಗಿ ಇಲ್ಲೇ ಬೀಳುವುದು. ಹಳೆಯ ಡ್ರಮ್ ಬ್ರೇಕ್ ಗಾಡಿಯ ಅಂದಾಜಿನಲ್ಲಿ ಹೊಸ ಡಿಸ್ಕನ್ನು ಗಟ್ಟಿಯಾಗಿ ಹಿಡಿಯುತ್ತಾರೆ, ಹ್ಯಾಂಡಲ್ ತಿರುಗಿದ್ದಾಗ ಹಿಡಿದರೆ ಗಾಡಿ ಮಗುಚುತ್ತದೆ.

ಹೊರಡುವಾಗ ಡ್ಯಾಶ್‌ಬೋರ್ಡಿನ ಎಬಿಎಸ್ ದೀಪ ಉರಿಯುತ್ತಿರುತ್ತದೆ. ಗಾಡಿ ಸ್ವಲ್ಪ ವೇಗ ಪಡೆದ ಮೇಲೆ ಆರಬೇಕು. ಆರದಿದ್ದರೆ ವಾಪಸ್ ಬನ್ನಿ.

### ಏರಿನಲ್ಲಿ

ಏರಿನ ನಡುವೆ ಎಡಬದಿಗೆ ಪೂರ್ತಿ ನಿಲ್ಲಿಸಿ, ಹಿಂದಿನ ಬ್ರೇಕ್ ಒತ್ತಿ ಹಿಡಿದು, ಮತ್ತೆ ಹೊರಡಿ. ಹಿಂದಕ್ಕೆ ಜಾರದೆ, ಆಕ್ಸಿಲರೇಟರನ್ನು ಹೆಚ್ಚು ತಿರುವದೆ ಏರಬೇಕು. ಹಾಫ್ ಕ್ಲಚ್ಚಿನಲ್ಲೇ ಬಹಳ ಹೊತ್ತು ಹಿಡಿಯಬೇಕಾಗಿ ಬಂದರೆ, ಸುಟ್ಟ ವಾಸನೆ ಬಂದರೆ, ಮೊದಲ ಗೇರಿನ ಅನುಪಾತ ನಿಮ್ಮ ಊರಿಗೆ ಒಗ್ಗುವುದಿಲ್ಲ ಎಂದರ್ಥ.

ಎರಡನೆಯ ಪರೀಕ್ಷೆ: ಹಿಂದೆ ಒಬ್ಬರು ಕೂತಿರುವಾಗ, ಮೂರನೇ ಗೇರಿನಲ್ಲಿ 30 ಕಿ.ಮೀ. ವೇಗದಿಂದ ಏರಿನಲ್ಲಿ ನಿಧಾನವಾಗಿ ಆಕ್ಸಿಲರೇಟರ್ ಕೊಡಿ. ವೇಗ ಹೆಚ್ಚಬೇಕು, ಇಲ್ಲವೇ ಕನಿಷ್ಠ ಅಷ್ಟಕ್ಕೇ ನಿಲ್ಲಬೇಕು. ಕಟಕಟ ಸದ್ದಿನ ನಾಕಿಂಗ್, ಚೈನಿನ ಜಗ್ಗಾಟ ಶುರುವಾದರೆ ಎರಡನೇ ಗೇರಿಗೆ ಇಳಿಸಿ, ಗುರುತು ಹಾಕಿಕೊಳ್ಳಿ. ಬಿಎಚ್‌ಪಿ (ಎಂಜಿನ್ನಿನ ಗರಿಷ್ಠ ಶಕ್ತಿ) ಅಂಕಿ ದೊಡ್ಡದಿದ್ದೂ ಇಲ್ಲಿ ಸೋಲುವ ಬೈಕುಗಳಿವೆ. ಅವುಗಳ ಶಕ್ತಿ ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ಬಹಳ ವೇಗವಾಗಿ ತಿರುಗುವಾಗ ಮಾತ್ರ ಸಿಗುತ್ತದೆ. ಏರು-ತಗ್ಗಿನ ಊರಿನಲ್ಲಿ ಕಡಿಮೆ ಆರ್‌ಪಿಎಂನ ಟಾರ್ಕ್ (ಎಳೆಯುವ ಬಲ) ದಿನಕ್ಕೆ ನೂರು ಸಲ ಉಪಯೋಗಕ್ಕೆ ಬರುತ್ತದೆ.

### ಟ್ರಾಫಿಕ್‌ನಲ್ಲಿ

ನಂತೂರಿನಲ್ಲೋ ಕಲ್ಸಂಕದಲ್ಲೋ ವಾಹನಗಳ ಸಾಲಿನಲ್ಲಿ ತೆವಳುವಾಗ ನಾಲ್ಕು ಸಂಗತಿ ಗಮನಿಸಿ. ಒಂದು, ಎಡಗೈ ಬೆರಳುಗಳು ಐದು ನಿಮಿಷದಲ್ಲಿ ನೋಯುತ್ತವೆಯೇ? ಎರಡು, ನಿಂತಾಗ ನ್ಯೂಟ್ರಲ್ ಸುಲಭವಾಗಿ ಸಿಗುತ್ತದೆಯೇ? ಮೂರು, ನಡಿಗೆಯ ವೇಗದಲ್ಲಿ ಕಾಲು ಇಳಿಸದೆ ಸಾಗಬಹುದೇ? ನಾಲ್ಕು, ಶಾಖ ಎಲ್ಲಿಗೆ ಬರುತ್ತದೆ? ರೇಡಿಯೇಟರ್ ಇರುವ ಬೈಕಿನಲ್ಲಿ ಫ್ಯಾನ್ ತಿರುಗಿದಾಗ ಬಿಸಿಗಾಳಿ ಯಾವ ಕಾಲಿಗೆ ಹೊಡೆಯುತ್ತದೆ ನೋಡಿ. ಫ್ಯಾನ್ ಶುರುವಾಗುವ ತನಕ ಓಡಿಸದೆ ಶಾಖದ ಬಗ್ಗೆ ತೀರ್ಮಾನ ಬೇಡ.

### ಹಾಳು ರಸ್ತೆಯಲ್ಲಿ

ಕಾಂಕ್ರೀಟ್ ರಸ್ತೆಯ ಜೋಡಣೆಗಳ ಮೇಲೆ, ಇಂಟರ್‌ಲಾಕ್ ಮೇಲೆ, ಹಂಪ್‌ಗಳ ಮೇಲೆ 30ರಿಂದ 40 ಕಿ.ಮೀ. ವೇಗದಲ್ಲಿ ಹೋಗಿ. ಮುಂದಿನ ಫೋರ್ಕ್ ಟಕ್ ಎಂದು ತಳ ಮುಟ್ಟಬಾರದು. ಹಿಂದಿನ ಸಸ್ಪೆನ್ಷನ್ ಬೆನ್ನುಮೂಳೆಗೆ ನೇರವಾಗಿ ಹೊಡೆಯಬಾರದು. ಕಾಂಕ್ರೀಟ್ ಅಂಚಿನಿಂದ ಮಣ್ಣಿಗೆ ಇಳಿಯುವಲ್ಲಿ ಮೆಟ್ಟಿಲಿನಷ್ಟು ವ್ಯತ್ಯಾಸ ಇರುವ ಕಡೆ ಪರೀಕ್ಷೆಗೆ ಇಳಿಸಲು ಹೋಗಬೇಡಿ.

ಸೀಟಿನ ಬಗ್ಗೆ ಎಚ್ಚರ. ಶೋರೂಮಿನಲ್ಲಿ ಮೆತ್ತಗೆ ಅನ್ನಿಸುವ ಸೀಟು ಅರ್ಧ ಗಂಟೆಯಲ್ಲಿ ಕುಗ್ಗಿ ಕೆಳಗಿನ ಪ್ಲಾಸ್ಟಿಕ್ ತಾಗುತ್ತದೆ. ಸ್ವಲ್ಪ ಗಡುಸಾದ, ಅಗಲವಾದ ಸೀಟು ದೂರದ ದಾರಿಗೆ ಒಳ್ಳೆಯದು.

### ಹೆದ್ದಾರಿಯಲ್ಲಿ

ಚತುಷ್ಪಥ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ ಗರಿಷ್ಠ ಮಿತಿ ಗಂಟೆಗೆ 80 ಕಿ.ಮೀ. ಬೋರ್ಡ್ ಅದಕ್ಕಿಂತ ಕಡಿಮೆ ಹೇಳಿದರೆ ಅದೇ ಮಿತಿ. ಅದಕ್ಕಿಂತ ಹೆಚ್ಚು ಓಡಿಸಿ ನೋಡುವ ಅಗತ್ಯವೂ ಇಲ್ಲ.

60ರಲ್ಲಿ ಒಂದು ನಿಮಿಷ, 70ರಲ್ಲಿ ಒಂದು ನಿಮಿಷ, 80ರಲ್ಲಿ ಒಂದು ನಿಮಿಷ ಒಂದೇ ಸಮನೆ ಹೋಗಿ. ಹ್ಯಾಂಡಲ್, ಫುಟ್‌ರೆಸ್ಟ್, ಟ್ಯಾಂಕ್ ಈ ಮೂರರಲ್ಲಿ ನಡುಕ ಎಲ್ಲಿ, ಯಾವ ವೇಗದಲ್ಲಿ ಬರುತ್ತದೆ ನೋಡಿ. ನೀವು ಹೆಚ್ಚು ಹೊತ್ತು ಓಡಿಸುವ ವೇಗದಲ್ಲೇ ನಡುಕ ಇದ್ದರೆ ಸುರತ್ಕಲ್‌ನಿಂದ ಮಂಗಳೂರಿಗೆ ದಿನಾ ಓಡಾಡುವವರ ಅಂಗೈ ಜೋಮು ಹಿಡಿಯುತ್ತದೆ. ಮಿರರ್‌ನಲ್ಲಿ ಹಿಂದಿನ ಲಾರಿಯ ಆಕಾರ ಕಲಸಿಹೋದರೂ ಅದೇ ಸೂಚನೆ.

ದಾರಿ ಖಾಲಿ ಇರುವಲ್ಲಿ ಮೇಲಿನಿಂದ ಎರಡನೆಯ ಗೇರಿನಲ್ಲಿ 50ರಿಂದ 75ಕ್ಕೆ ಏರಿಸಿ. ಪಣಂಬೂರು ಬಂದರಿನ ಟ್ಯಾಂಕರುಗಳನ್ನು, ಉದ್ದದ ಟ್ರೇಲರುಗಳನ್ನು ದಾಟಲು ಬೇಕಾದದ್ದು ಈ ಎಳೆತವೇ. ಶೋರೂಮ್ ಎದುರಿನ ಸೊನ್ನೆಯಿಂದ 40ರ ಪಿಕಪ್ ಅಲ್ಲ.

ಸೇತುವೆಯ ಮೇಲೆ ಅಡ್ಡಗಾಳಿಗೆ ಹಗುರ ಬೈಕುಗಳು ವಾಲುತ್ತವೆ. ಮಳೆಗಾಲದ ಗಾಳಿ ಇದರ ಎಷ್ಟೋ ಪಟ್ಟು ಎಂದು ಲೆಕ್ಕ ಹಾಕಿಕೊಳ್ಳಿ. ಸೇತುವೆಯ ಕಬ್ಬಿಣದ ಜಾಯಿಂಟುಗಳ ಮೇಲೆ ಬ್ರೇಕ್ ಹಿಡಿಯಬೇಡಿ.

### ಬ್ರೇಕ್

ಒಣಗಿದ, ನೇರ, ಮರಳಿಲ್ಲದ ರಸ್ತೆ ಬೇಕು. ಕಡಲ ಬದಿಯ ರಸ್ತೆಗಳಲ್ಲಿ ಗಾಳಿಗೆ ಬಂದು ಬಿದ್ದ ಮರಳಿನ ಪದರ ಕಣ್ಣಿಗೆ ಕಾಣುವುದಿಲ್ಲ, ಅಲ್ಲಿ ಬೇಡ. ಹಿಂದೆ ಯಾರೂ ಇಲ್ಲವೆಂದು ಮಿರರ್‌ನಲ್ಲಿ ಖಚಿತಪಡಿಸಿಕೊಂಡು, 40 ಕಿ.ಮೀ. ವೇಗದಿಂದ ಎರಡೂ ಬ್ರೇಕುಗಳನ್ನು ಕ್ರಮವಾಗಿ ಒತ್ತುತ್ತಾ ನಿಲ್ಲಿಸಿ. ಒಮ್ಮೆಲೇ ಹಿಡಿಯಬೇಡಿ. ಗಾಡಿ ನೇರವಾಗಿ ನಿಲ್ಲಬೇಕು, ಮೂತಿ ತೀರಾ ಮುಳುಗಬಾರದು, ಲಿವರ್ ಹ್ಯಾಂಡಲ್ ಹತ್ತಿರದ ತನಕ ಬರಬಾರದು.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಆದರೆ ಸಿಂಗಲ್ ಚಾನೆಲ್ ಎಂದರೆ ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಹಳೆಯ ಬೈಕಿನಂತೆಯೇ ಲಾಕ್ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕಾಂಕ್ರೀಟು, ಬಿದ್ದ ಎಲೆ, ಕೆಂಪು ಮಣ್ಣಿನ ಕೆಸರಿನ ಮೇಲೆ ಓಡಿಸುವ ನಮಗೆ ಡ್ಯುಯಲ್ ಚಾನೆಲ್‌ಗೆ ಕೊಡುವ ಹೆಚ್ಚುವರಿ ಹಣ ಖಂಡಿತ ದುಬಾರಿಯಲ್ಲ. ಬಣ್ಣ, ಬ್ಲೂಟೂತ್‌ಗೆ ಕೊಡುವ ಬದಲು ಇದಕ್ಕೆ ಕೊಡಿ.

### ಹಿಂದೆ ಕೂರುವವರು

ಕನಿಷ್ಠ 4-5 ಕಿ.ಮೀ. ಅವರನ್ನು ಕೂರಿಸಿಕೊಳ್ಳಿ. ಸೀರೆಯಲ್ಲಿ ಒಂದು ಬದಿಗೆ ಕೂರುವವರಿದ್ದರೆ ಹಾಗೇ ಕೂರಲಿ. ಫುಟ್‌ರೆಸ್ಟ್, ಹಿಡಿಕೆ, ಸೀರೆ ಗಾರ್ಡ್ ಕೈಕಾಲಿಗೆ ಸರಿಯಾಗಿ ಸಿಗುತ್ತವೆಯೇ, ಬ್ರೇಕ್ ಹಿಡಿದಾಗ ಮುಂದಕ್ಕೆ ಜಾರುತ್ತಾರೆಯೇ, ಸೈಲೆನ್ಸರ್ ಕಾಲಿಗೆ ತಾಗುತ್ತದೆಯೇ ಕೇಳಿ. ಅವರು ‘ಬೇಡ’ ಎಂದರೆ ಆ ಬೈಕನ್ನು ಪಟ್ಟಿಯಿಂದ ತೆಗೆಯಿರಿ, ಚರ್ಚೆ ಬೇಡ.

## ಎಚ್ಚರಿಕೆಯ ಸೂಚನೆಗಳು

ಕೆಲವು ದೋಷ ಆ ಒಂದು ಡೆಮೊ ಗಾಡಿಯದ್ದು, ಕೆಲವು ಮಾದರಿಯದ್ದೇ. ಹ್ಯಾಂಡಲ್ ಒಂದು ಕಡೆ ಎಳೆಯುವುದು, ಬ್ರೇಕ್ ಹಿಡಿದಾಗ ಲಿವರ್ ಮಿಡಿಯುವಂತೆ ನಡುಗುವುದು, ಚೈನಿನ ಕರಕರ ಸದ್ದು ಇವು ಬಹುಮಟ್ಟಿಗೆ ಬಿದ್ದ ಅಥವಾ ಹಾಳಾಗಿ ಓಡಿಸಿದ ಗಾಡಿಯ ಲಕ್ಷಣ. ಅಂಥದ್ದರಲ್ಲಿ ತೀರ್ಮಾನ ಮಾಡದೆ ಇನ್ನೊಂದು ಗಾಡಿ ಕೇಳಿ.

ಎರಡು ಗೇರುಗಳ ನಡುವೆ ಸಿಕ್ಕಿ ಯಾವ ಗೇರೂ ಹಿಡಿಯದೆ ಫಾಲ್ಸ್ ನ್ಯೂಟ್ರಲ್ ಬೀಳುವುದು, ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಫ್ ಆಗುವುದು, ಹೆಡ್‌ಲೈಟಿನ ಒಳಗೆ ನೀರಾವಿ ಕಟ್ಟುವುದು, ನಿರ್ದಿಷ್ಟ ವೇಗದಲ್ಲಿ ನಡುಕ, ಇವು ಎರಡನೆಯ ಗಾಡಿಯಲ್ಲೂ ಕಂಡರೆ ಮಾದರಿಯನ್ನೇ ಕೈಬಿಡುವುದು ಒಳ್ಳೆಯದು. ‘ಫಸ್ಟ್ ಸರ್ವೀಸ್‌ನಲ್ಲಿ ಸರಿಯಾಗುತ್ತದೆ’ ಎಂಬ ಮಾತನ್ನು ಗೇರಿನ ಬಿಗಿತದ ಮಟ್ಟಿಗೆ ನಂಬಬಹುದು. ನಡುಕ, ಶಾಖ, ಸೀಟಿನ ಮಟ್ಟಿಗೆ ನಂಬಬೇಡಿ, ಅವು ಸರ್ವೀಸಿನಿಂದ ಬದಲಾಗುವಂಥವಲ್ಲ.

## ಹಂತ 7: ವಾಪಸ್ ಬಂದ ಮೇಲೆ

ಗಾಡಿ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿ ಎಂಜಿನ್ ಒಂದೇ ಸಲಕ್ಕೆ ಏಳಬೇಕು. ಎಂಜಿನ್ ತಳದಲ್ಲಿ, ಫೋರ್ಕ್ ಸೀಲಿನಲ್ಲಿ ಎಣ್ಣೆ ಜಿನುಗಿದೆಯೇ ನೋಡಿ. ಸೇಲ್ಸ್‌ನವರ ಜೊತೆ ಮಾತಿಗಿಳಿಯುವ ಮೊದಲೇ ನಿಮ್ಮ ಮೂರು ಸಾಲಿನ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

ನಂತರ ನಿಮ್ಮ ಹಳೆಯ ಬೈಕ್ ಹತ್ತಿ, ಅದೇ ದಾರಿಯಲ್ಲಿ, ಆಗಲೇ ಒಂದು ಸುತ್ತು ಹೋಗಿ. ಮರುದಿನ ಹೋದರೆ ಹೋಲಿಕೆಯ ಹರಿತ ಹೋಗುತ್ತದೆ. ಹೊಸದರಲ್ಲಿ ಏನು ಒಳ್ಳೆಯದಿತ್ತು ಎಂಬುದಕ್ಕಿಂತ ಹಳೆಯದರಲ್ಲಿ ಏನು ಒಳ್ಳೆಯದಿತ್ತು ಎಂಬುದು ಈ ಸುತ್ತಿನಲ್ಲಿ ಗೊತ್ತಾಗುತ್ತದೆ: ಸಣ್ಣ ಜಾಗದಲ್ಲಿ ತಿರುಗುವುದು, ಹಗುರ, ಕೈಗೆ ಒಗ್ಗಿದ ಕ್ಲಚ್.

ಹೊರಡುವ ಮೊದಲು ಸರ್ವೀಸ್ ಸೆಂಟರಿನ ಒಳಗೆ ಹೋಗಿ ನಿಲ್ಲಿ. ಕಾಯುತ್ತಿರುವ ಗ್ರಾಹಕರೊಬ್ಬರನ್ನು, ಬಿಡಿಭಾಗಕ್ಕೆ ಎಷ್ಟು ದಿನ ಕಾಯಿಸಿದರು ಎಂದು ಕೇಳಿ. ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಬಿದ್ದರೆ ಮುರಿಯುವ ಲಿವರ್ ಈ ಮೂರರ ಬೆಲೆಯನ್ನು ಸ್ಪೇರ್ಸ್ ಕೌಂಟರಿನಲ್ಲಿ ವಿಚಾರಿಸಿ.

## ಹಂತ 8: ರಾತ್ರಿ ಒಂದು ಸುತ್ತು, ಸಾಧ್ಯವಾದರೆ ಘಾಟಿಗೆ ಒಂದು ದಿನ

ಅಂತಿಮವಾಗಿ ಉಳಿದ ಒಂದೋ ಎರಡೋ ಬೈಕಿಗೆ ಮಾತ್ರ ಇದು. ಶೋರೂಮ್ ಮುಚ್ಚುವ ಮುನ್ನ, ಕತ್ತಲಾದ ಮೇಲೆ, ಬೀದಿದೀಪ ಇಲ್ಲದ ಒಳರಸ್ತೆಯಲ್ಲಿ ಐದು ನಿಮಿಷ ಓಡಿಸಿ. ಡಿಮ್‌ನಲ್ಲಿ ಎಡಬದಿಯ ಅಂಚು ಕಾಣಬೇಕು, ತಿರುವಿನಲ್ಲಿ ಬೆಳಕು ದಿಢೀರ್ ಕಡಿದುಹೋಗಬಾರದು. ಬಿಳಿ ಎಲ್‌ಇಡಿ ಬೆಳಕು ಒಣ ರಸ್ತೆಯಲ್ಲಿ ಎಷ್ಟೇ ಚೆನ್ನಾಗಿದ್ದರೂ ಒದ್ದೆ ಡಾಂಬರಿನಲ್ಲಿ ಹೀರಿಕೊಂಡಂತಾಗುತ್ತದೆ. ಮಳೆ ಬಂದ ರಾತ್ರಿ ಸಿಕ್ಕರೆ ಬಿಡಬೇಡಿ.

ಆಗುಂಬೆ, ಚಾರ್ಮಾಡಿ, ಶಿರಾಡಿ ಕಡೆ ಆಗಾಗ ಹೋಗುವವರಿಗೆ ಶೋರೂಮ್ ಸುತ್ತು ಸಾಲದು. ಅಂಥವರು ಅದೇ ಮಾದರಿಯನ್ನು ಒಂದು ದಿನಕ್ಕೆ ಬಾಡಿಗೆಗೆ ಪಡೆಯಿರಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರ್ ಇರುವ ಗಾಡಿಯೇ ಕಾನೂನುಬದ್ಧ ಬಾಡಿಗೆ ಗಾಡಿ. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಪಡೆದರೆ ಅಪಘಾತದಲ್ಲಿ ಇನ್ಶೂರೆನ್ಸ್ ಕೈಕೊಡುತ್ತದೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ಮಾರ್ಗವಾಗಿ ಆಗುಂಬೆಯ 14 ಹೇರ್‌ಪಿನ್ ತಿರುವು ಹತ್ತಿ ಇಳಿದರೆ ಎರಡನೇ ಗೇರಿನ ಎಳೆತ, ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ವೇಗ ತಗ್ಗಿಸುವುದು), ಬಿಸಿಯಾದ ಬ್ರೇಕಿನ ವರ್ತನೆ, ಸೀಟು ಎಲ್ಲವೂ ಒಂದೇ ದಿನದಲ್ಲಿ ಇತ್ಯರ್ಥ. ಹೊರಡುವಾಗ ಟ್ಯಾಂಕ್ ತುಂಬಿಸಿ, ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದರೆ ನಿಜವಾದ ಮೈಲೇಜೂ ಸಿಗುತ್ತದೆ. ಸಣ್ಣ ಟೆಸ್ಟ್ ರೈಡ್‌ನಲ್ಲಿ ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಯಾವ ಲೆಕ್ಕಕ್ಕೂ ಇಲ್ಲ.

## ಹಂತ 9: ಬೆಲೆಯ ಮಾತು

ಎಕ್ಸ್‌ಚೇಂಜ್ ವಿಷಯವನ್ನು ಟೆಸ್ಟ್ ರೈಡ್‌ಗೆ ಮೊದಲು ಎತ್ತಬೇಡಿ. ಎತ್ತಿದರೆ ಮಾತೆಲ್ಲ ಹಳೆ ಗಾಡಿಯ ಬೆಲೆಯ ಸುತ್ತ ತಿರುಗಿ, ಆಫರ್ ಮುಗಿಯುವ ದಿನಾಂಕದ ಒತ್ತಡಕ್ಕೆ ಬೀಳುತ್ತೀರಿ. ಮೊದಲು ಹೊಸದರ ಆನ್‌ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಎಕ್ಸ್ ಶೋರೂಮ್, ರಾಜ್ಯದ ಲೈಫ್ ಟ್ಯಾಕ್ಸ್, ನೋಂದಣಿ, ಇನ್ಶೂರೆನ್ಸ್, ಆಕ್ಸೆಸರೀಸ್. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ಮೇಲಿನವಕ್ಕೆ ಶೇ. 40. ಹಾಗಾಗಿ 350 ಮತ್ತು 400 ಸಿಸಿ ನಡುವೆ ತೂಗುತ್ತಿರುವವರು ಹಳೆಯ ಬೆಲೆಪಟ್ಟಿ ನಂಬಬಾರದು. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಸ್ವಂತ ಗಾಡಿಯ ಹಾನಿಯ ಪಾಲಿಸಿಯನ್ನು ಬೇರೆ ಕಂಪನಿಗಳಲ್ಲೂ ವಿಚಾರಿಸಬಹುದು. ಇದಾದ ಮೇಲೆ ಹಳೆಯ ಗಾಡಿಯ ಬೆಲೆ ಕೇಳಿ, ಹೊರಗೆ ಒಬ್ಬರಿಬ್ಬರಲ್ಲಿ ವಿಚಾರಿಸಿ ಹೋಲಿಸಿ.

ಟೆಸ್ಟ್ ರೈಡ್ ಮಾಡಿದ ದಿನವೇ ಅಡ್ವಾನ್ಸ್ ಕೊಡಬೇಡಿ. ಕೊಡುವ ದಿನ ರಸೀದಿಯಲ್ಲಿ ಮಾದರಿ, ವೇರಿಯಂಟ್, ಬಣ್ಣ, ಎಬಿಎಸ್ ಬಗೆ, ತಯಾರಾದ ತಿಂಗಳು, ಬುಕಿಂಗ್ ರದ್ದಾದರೆ ವಾಪಸ್ ಸಿಗುವ ಮೊತ್ತ ಇಷ್ಟನ್ನೂ ಬರೆಸಿ. ಡೆಲಿವರಿ ದಿನ ಗಾಡಿಯ ಮೇಲಿನ ಚಾಸಿಸ್ ಸಂಖ್ಯೆಯನ್ನು ಇನ್‌ವಾಯ್ಸ್ ಜೊತೆ ನೀವೇ ತಾಳೆ ನೋಡಿದ ನಂತರವೇ ಉಳಿದ ಹಣ ಪಾವತಿಸಿ.